ದೂರದ ಬಂಡೆಯ ಚಿಪ್ಪು

“ಹೆಣ ಎತ್ತೋದಕ್ಕೆ ಮುಂಚೆನೇ ತಿಂದುಬಿಡು ತಾಯಿ. ಅವಳಿನ್ನೂ ಮನೇಲಿರೋವಾಗಲೇ ಆಗಿಹೋಗಲಿ,” ಎನ್ನುತ್ತ ಚಿಪ್ಪು ಮಾರುವ ಬುಟ್ಟಿ ದೊಡ್ಡಮ್ಮ ಹಿತ್ತಲಿನ ಒಲೆಯಿಂದ ಪಾತ್ರೆ ಇಳಿಸಿದಳು. ಮುಚ್ಚಳ ಸರಿಸಿದ್ದೇ ತಡ, ಕಡಲಿನ ವಾಸನೆ ಗುಪ್ಪೆಂದು ಎದ್ದಿತು. ಒಳಗೆ ಕಪ್ಪೆಚಿಪ್ಪುಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ಪಿಪೆಟ್ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಆ ಹೆಸರಿಟ್ಟವಳು ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದಳು. ಇವಳು ಪ್ರಯೋಗಾಲಯದ ಕೆಲಸಕ್ಕೆ ಬಂದ ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ, “ಇದೇನೇ ಇಷ್ಟುದ್ದ, ಇಷ್ಟು ಸಣ್ಣ! ಹನಿ ಅಳೆಯೋ ಗಾಜಿನ ಕೊಳವೆ ಇದ್ದ ಹಾಗಿದೀಯಲ್ಲ, ಪಿಪೆಟ್ಟು!” ಎಂದಿದ್ದಳು. ಅವತ್ತಿನಿಂದ ಸ್ವಂತ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು.

ಹೆಸರಿಟ್ಟವಳನ್ನೂ ಊರು ಸುಮ್ಮನೆ ಬಿಟ್ಟಿರಲಿಲ್ಲ. ಅವಳು ಬೇಡಕ್ಕ. ಕೊಲ್ಲಿಯಲ್ಲಿ ಕಣ್ಣಿಗೆ ಕಾಣದಂಥ ಒಂದು ಪಾಚಿ ಹೆಚ್ಚಿಕೊಂಡಾಗ ಚಿಪ್ಪುಗಳು ನೀರಿನ ಜೊತೆ ಅದನ್ನೂ ಸೋಸಿ ತಿಂದು, ಅದರ ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತವೆ. ಚಿಪ್ಪಿಗೇನೂ ಆಗದು. ತಿಂದವರಿಗೆ ತುಟಿ ಜುಮ್ಮೆನ್ನುತ್ತದೆ, ನಾಲಿಗೆ ತೊದಲುತ್ತದೆ, ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ತೊಳೆದರೂ ಹೋಗದ, ಬೇಯಿಸಿದರೂ ಸಾಯದ, ರುಚಿಯಲ್ಲೂ ಗೊತ್ತಾಗದ ವಿಷ. ಅದನ್ನು ಪರೀಕ್ಷೆ ಮಾಡಿ, ದೋಣಿ ನಿಲ್ಲುವ ಕಟ್ಟೆಯ ಕಂಬಕ್ಕೆ ಕೆಂಪು ಬಾವುಟ ಏರಿಸಿ, ಬುಟ್ಟಿ ಹಿಡಿದು ಬಂದವರಿಗೆಲ್ಲ “ಬೇಡ” ಎನ್ನುವುದೇ ಅವಳ ಜೀವಮಾನದ ಕೆಲಸವಾಗಿತ್ತು.

“ನೆನ್ನೆ ಸಹಿ ಹಾಕಿದೀಯೋ ಇಲ್ವೋ, ಕೊಲ್ಲಿ ತೆರೀಬಹುದು ಅಂತ?” ದೊಡ್ಡಮ್ಮ ಕೇಳಿದಳು.

“ಹಾಕಿದೀನಿ. ಒಬ್ಬಳೇ ಹಾಕಿದ್ದು ಇದೇ ಮೊದಲು.”

“ಅದಕ್ಕೇ ಹೇಳ್ತಿರೋದು. ನಮ್ಮ ಜನ ಕಾಗದ ನೋಡಿ ನೀರಿಗಿಳಿಯೋರಲ್ಲ, ಬೇಡಕ್ಕನ ಬಾಯಿ ನೋಡಿ ಇಳಿಯೋರು. ನೀನು ತಿನ್ನದಿದ್ರೆ ಇವತ್ತೂ ಒಂದು ದೋಣಿ ಕದಲಲ್ಲ. ಮನೆಮನೇಲಿ ಒಲೆ ತಣ್ಣಗಾಗಿ ಎಷ್ಟು ದಿನ ಆಯ್ತು ಅಂತ ನಿನಗೂ ಗೊತ್ತು.”

ಒಳಗಿನಿಂದ ಬೇಡಕ್ಕನ ತಂಗಿ ಮೂಗು ಒರೆಸಿಕೊಳ್ಳುತ್ತ ಬಂದಳು. “ಸಾವಿನ ಮನೇಲಿ ಚಿಪ್ಪು ಬೇಯಿಸ್ತಾ ಕೂತಿದೀರಲ್ಲ, ನೋಡಿದೋರು ಏನಂದಾರು?”

“ಯಾರೇನಂತಾರೆ?” ಅವಳ ಹಿಂದೆಯೇ ಬಂದ ಭಾವ, ಎಂದರೆ ಬೇಡಕ್ಕನ ಗಂಡ, ಹೇಳಿದ. “ನಿಮ್ಮಕ್ಕ ಎದ್ದು ಕೂತಿದ್ರೆ, ಇಷ್ಟೊತ್ತು ಏನ್ ಮಾಡ್ತಿದ್ರಿ ಅಂತ ಬೈದಿರೋಳು.”

ಪಿಪೆಟ್ ಪಾತ್ರೆಯತ್ತ ನೋಡಿದಳು. ಮುಚ್ಚಳ ಮುಚ್ಚಿ, ಅದನ್ನು ಬಟ್ಟೆಯಲ್ಲಿ ಹಿಡಿದೆತ್ತಿಕೊಂಡು ಕಟ್ಟೆಯ ಕಡೆ ಹೊರಟಳು.

*

ಬೇಡಕ್ಕ ಒಮ್ಮೆ, ಒಂದೇ ಒಂದು ಸಲ, “ಬೇಡ” ಅನ್ನಬೇಕಾದಲ್ಲಿ “ಆಗಲಿ” ಎಂದಿದ್ದಳು. ಆಗಿನ್ನೂ ಚಿಕ್ಕ ವಯಸ್ಸು. ಗಾಳಿ ಜೋರಾಗಿತ್ತು. ದೂರದ ಬಂಡೆಯ ತನಕ ದೋಣಿಯಲ್ಲಿ ಹೋಗುವುದು ಕಷ್ಟವೆಂದು ಕಟ್ಟೆಯ ಬುಡದ ಚಿಪ್ಪುಗಳನ್ನೇ ಕಿತ್ತು ತಂದು ಪರೀಕ್ಷಿಸಿದಳು. ಅವು ಶುದ್ಧವಾಗಿದ್ದವು. ಒಂದೇ ಕೊಲ್ಲಿ, ಒಂದೇ ನೀರು, ಅಲ್ಲೇನು ಇಲ್ಲೇನು ಎಂದುಕೊಂಡು ಬಾವುಟ ಇಳಿಸಿದಳು.

ಅವತ್ತು ಸಂಜೆ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಹುಡುಗನೊಬ್ಬ ದೂರದ ಬಂಡೆಯ ಚಿಪ್ಪು ತಟ್ಟೆ ತುಂಬ ಬಡಿಸಿಕೊಂಡು ತಿಂದ. ಕೈ ತೊಳೆಯುವಷ್ಟರಲ್ಲಿ ತುಟಿ ತನ್ನದಲ್ಲ ಅನಿಸಿತು. ಆಸ್ಪತ್ರೆಯಲ್ಲಿ ಅವನ ಪರವಾಗಿ ಯಂತ್ರವೇ ಉಸಿರಾಡಬೇಕಾಯಿತು.

ಅವನಿಗೆ ಮಾತು ಮರಳುವ ತನಕ ಅವಳು ಆ ಮಂಚದ ಪಕ್ಕದಿಂದ ಏಳಲಿಲ್ಲ. “ತಪ್ಪು ನಂದು,” ಎಂದಳು. ಅವನು ದಪ್ಪ ನಾಲಿಗೆಯಲ್ಲಿ, “ಚಿಪ್ಪು ಮಾತ್ರ ಬಹಳ ರುಚಿಯಾಗಿತ್ತು,” ಎಂದ. ಮುಂದೆ ಅವಳನ್ನೇ ಮದುವೆಯಾದ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ: “ಬೇರೆ ಹೆಂಡ್ತೀರು ಮದುವೆ ಆದ್ಮೇಲೆ ವಿಷ ಹಾಕ್ತಾರೆ. ಇವಳು ಮುಂಗಡವಾಗಿಯೇ ಹಾಕಿ ಮುಗಿಸಿದಾಳೆ!” ಹೀಗೆ ನಗಿಸುತ್ತಿದ್ದವನು ಚಿಪ್ಪು ಮಾತ್ರ ಮತ್ತೆ ಮುಟ್ಟಲಿಲ್ಲ. ಯಾರೂ ತಡೆದಿರಲಿಲ್ಲ. ಕೈ ಮುಂದೆ ಹೋಗುತ್ತಿರಲಿಲ್ಲ, ಅಷ್ಟೆ.

ಅಲ್ಲಿಂದಾಚೆ ಪ್ರತಿ ಸಲ ಬಾವುಟ ಇಳಿಸುವ ಮುಂಚೆ ಬೇಡಕ್ಕ ಕಟ್ಟೆಯ ಮೇಲೆ ಬುಟ್ಟಿ ಬೋರಲು ಹಾಕಿ ಕೂತು, ಎಲ್ಲರೆದುರು ದೂರದ ಬಂಡೆಯ ಚಿಪ್ಪು ತಿನ್ನುತ್ತಿದ್ದಳು. “ಪರೀಕ್ಷೆ ಪ್ರಯೋಗಾಲಯದಲ್ಲೇ ಮುಗೀತು. ಇದು ಪರೀಕ್ಷೆಯಲ್ಲ, ಮರ್ಯಾದೆ. ನಾನು ತಿನ್ನದ್ದನ್ನ ನಿಮಗೆ ಹೇಗೆ ತಿನ್ನಿ ಅನ್ನಲಿ?” ಎನ್ನುತ್ತಿದ್ದಳು. ತಿಂದ ಮೇಲೆ ಅರ್ಧ ಗಂಟೆ ಬಿಡದೆ ಮಾತು. ತೊದಲಿದರೆ ಗೊತ್ತಾಗಬೇಕಲ್ಲ! ನಡುನಡುವೆ ಹೆಬ್ಬೆರಳಿನಿಂದ ಕೆಳತುಟಿ ಸವರಿ ನೋಡಿಕೊಳ್ಳುವಳು. ಉಳಿದ ದಿನ “ಬೇಡ” ಬಿಟ್ಟು ಎರಡನೇ ಮಾತಾಡದವಳ ಮನೆಯ ಕತೆಯೆಲ್ಲ ಊರಿಗೆ ತಿಳಿದದ್ದು ಆ ಅರ್ಧ ಗಂಟೆಗಳಲ್ಲೇ.

*

ಮನೆಯೆದುರೇ ಕಟ್ಟೆ. ದೊಡ್ಡಮ್ಮ ಬುಟ್ಟಿ ಬೋರಲು ಹಾಕಿದಳು. ಸಾವಿಗೆ ಬಂದವರೆಲ್ಲ ಸುತ್ತ ನೆರೆದರು. ಬೇಡಕ್ಕನನ್ನು ಒಯ್ಯಲು ಬಂದ ಗಾಡಿಯ ಡ್ರೈವರ್ ಕೂಡ ಇಳಿದು ಬಂದ. ಪಿಪೆಟ್ ಚಿಪ್ಪಿನಿಂದ ಮಾಂಸ ಬಿಡಿಸಿ ಬಾಯಿಗಿಟ್ಟಳು, ಕಣ್ಣು ಮುಚ್ಚಿ ನುಂಗಿದಳು.

“ಹೂಂ, ಮಾತಾಡು.”

“ಏನ್ ಮಾತಾಡ್ಲಿ ದೊಡ್ಡಮ್ಮ?”

“ಏನಾದ್ರೂ. ಬೇಡಕ್ಕ ನನ್ನ ಸೊಸೆ ಬಗ್ಗೆ ಅರ್ಧ ಗಂಟೆ ಮಾತಾಡಿದ್ಲು ಒಂದ್ಸಲ.”

ಗುಂಪು ನಕ್ಕಿತು. ಪಿಪೆಟ್ ಗಂಟಲು ಸರಿಮಾಡಿಕೊಂಡಳು.

“ಅಕ್ಕ... ಪರೀಕ್ಷೆ ಯಂತ್ರದ ಜೊತೆ ಹಾಡ್ತಿದ್ರು. ಯಂತ್ರದ ಶ್ರುತಿ ಸರಿಯಾಗಿರ್ತಿತ್ತು, ಅಕ್ಕಂದೇ ತಪ್ತಿತ್ತು.”

“ನಿಜ!” ಭಾವ ಬಾಗಿಲಿನಿಂದಲೇ ಕೂಗಿದ.

“ನಾನು ಸೇರಿದ ಹೊಸದ್ರಲ್ಲಿ ಬಂಡೆಯಿಂದ ತಂದು ಪರೀಕ್ಷೆಗೆ ಅಂತ ಅರೆದಿಟ್ಟ ಚಿಪ್ಪಿನ ರಸ ಎಲ್ಲಾ ನೆಲಕ್ಕೆ ಚೆಲ್ಲಿಬಿಟ್ಟೆ. ಮಳೆ ಹೊಡೀತಿತ್ತು. ಕಟ್ಟೆ ಹತ್ತಿರದ್ದೇ ತರ್ಲಾ ಅಂದೆ. ಅಕ್ಕ ಬೈಲಿಲ್ಲ. ಕೋಟು ಹಾಕ್ಕೊಂಡು, ನಡಿಯೇ ಪಿಪೆಟ್ಟು, ಅಂತ ದೋಣಿ ಹುಟ್ಟು ಕೈಗೆ ಕೊಟ್ರು. ದಾರಿಯುದ್ದಕ್ಕೂ ಭಾವನ ತುಟಿ ಕತೆ ಹೇಳಿದ್ರು.” ಅವಳು ಹೆಬ್ಬೆರಳಿನಿಂದ ಕೆಳತುಟಿ ಸವರಿಕೊಂಡಳು. “ನೆನ್ನೆ ರಾತ್ರಿ ಆಸ್ಪತ್ರೇಲಿ ಮಾತಾಡೋಕೂ ಆಗ್ತಿರ್ಲಿಲ್ಲ. ನನ್ನ ನೋಡಿ, ಬಂಡೆ? ಅಂದ್ರು. ಹೋಗಿದ್ದೆ ಅಕ್ಕಾ, ಅಂದೆ. ಆಮೇಲೇ ಅವರು... ಕ... ಕಣ್ಣು...”

“ಅಯ್ಯೋ, ತೊದಲ್ತಿದಾಳೆ!” ಡ್ರೈವರ್ ಬೆಚ್ಚಿದ. ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ದೊಡ್ಡಮ್ಮ ಓಡಿಬಂದು ಅವಳ ಗಲ್ಲ ಹಿಡಿದೆತ್ತಿದಳು.

“ವಿಷ ಅಲ್ಲ ದೊಡ್ಡಮ್ಮ, ಅಳ್ತಿದೀನಿ ಅಷ್ಟೇ,” ಎಂದಳು ಪಿಪೆಟ್. “ತುಟಿ ನೆಟ್ಟಗಿದೆ.”

ಯಾರೋ ಕಿಸಕ್ಕೆಂದರು. ನಗುತ್ತ ನಗುತ್ತಲೇ ಬೇಡಕ್ಕನ ತಂಗಿ ಬಿಕ್ಕತೊಡಗಿದಳು. ಪಿಪೆಟ್ ಮಾತು ನಿಲ್ಲಿಸಲಿಲ್ಲ. ಅರ್ಧ ಗಂಟೆ ಕಳೆದದ್ದು ಯಾರಿಗೂ ತಿಳಿಯಲಿಲ್ಲ.

ಭಾವ ಮೆಟ್ಟಿಲಿಳಿದು ಬಂದು ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ದೂರದ ಬಂಡೇದೇ ತಾನೆ?”

“ಹೌದು ಭಾವ. ಬೆಳಿಗ್ಗೆ ನಾನೇ ಹೋಗಿ ತಂದಿದ್ದು.”

ಅವನು ಒಂದು ಚಿಪ್ಪು ಆರಿಸಿಕೊಂಡು, ಬಿಡಿಸಿ, ನಿಧಾನವಾಗಿ ಅಗಿದು ತಿಂದ. ಆಮೇಲೆ ಹೆಬ್ಬೆರಳಿನಿಂದ ಕೆಳತುಟಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸವರಿದ. ಅವನ ಬೆನ್ನ ಹಿಂದೆ ದೊಡ್ಡಮ್ಮ ಕೆಂಪು ಬಾವುಟ ಇಳಿಸಲು ಕಂಬದ ಹಗ್ಗ ಬಿಚ್ಚಿದಳು.