ಅಯಸ್ಕಾಂತ ಇಟ್ಟು ನೋಡದ ಕಾರು

ಕಿರ್ಗಿಸ್ತಾನದ ಬಿಷ್ಕೆಕ್ಕಿನ ಬಟ್ಟೆ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹಾಲಿನ ವ್ಯಾನೊಂದು ಹಿಂದಕ್ಕೆ ಬಂದು ಬುರುಲ್‌ಳ ಕಾರಿಗೆ ಗುದ್ದಿತು. ನಿಂತು ನೋಡುವಷ್ಟು ಸೌಜನ್ಯವನ್ನೂ ತೋರದೆ ಹೊರಟುಹೋಯಿತು. ಆಗಿದ್ದು ಎಡಗಡೆ, ಎರಡು ಬಾಗಿಲುಗಳ ನಡುವೆ ಅಂಗೈಯಷ್ಟು ತಗ್ಗು. ಆದರೂ ಅವಳ ಹೊಟ್ಟೆ ಉರಿಯಿತು. ಗಂಡ ರಷ್ಯಾದಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ಆರು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೊಂಡ ಕಾರು ಅದು. ಹೊಲಿದ ಅಂಗಿಗಳ ಮೂಟೆ ಸಾಗಿಸುವುದೂ ಅದರಲ್ಲೇ, ಮಗಳು ಬೆರ್ಮೆತ್‌ಳನ್ನು ಶಾಲೆಗೆ ಬಿಡುವುದೂ ಅದರಲ್ಲೇ.

ಈಗಿನ ಗ್ಯಾರೇಜಿನವರು ಕಾರು ನೋಡುವ ಮೊದಲು ಫೋಟೊ ನೋಡುತ್ತಾರೆ. ತಗಡು ಕೆಲಸದ ಮೈರಾಂಬೆಕ್‌ಗೆ ನಾಲ್ಕು ಫೋಟೊ ಕಳಿಸಿ, ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದಳು. ಅವನು ಫೋನೇ ಮಾಡಿದ.

“ಅಕ್ಕಾ, ಬಣ್ಣ ಒಡೆದ ಕಡೆ ಹತ್ರದಿಂದ ಒಂದು ತೆಗೀರಿ. ಆಮೇಲೆ ಬಾಗಿಲು ತೆಗೆದು, ಅಂಚಿನ ರಬ್ಬರ್ ಕಿತ್ತು, ಎರಡು ಬಾಗಿಲ ನಡುವಿನ ಕಂಬದ್ದೂ ಒಂದು.”

“ಅಂಗೈಯಷ್ಟು ತಗ್ಗಿಗೆ ಮದುವೆ ಆಲ್ಬಮ್ಮೇ ಬೇಕೇನೋ ನಿಂಗೆ?”

“ತೆಗೀರಿ ಅಕ್ಕಾ.”

ತೆಗೆದಳು. ಒಡೆದ ಬಣ್ಣದಡಿ ಬೆರಳು ದಪ್ಪಕ್ಕೆ ಮೆತ್ತಿದ, ತಗ್ಗು ಮುಚ್ಚುವ ಪುಟ್ಟಿ. ರಬ್ಬರಿನಡಿ, ಕಂಬಕ್ಕೆ ಅಡ್ಡವಾಗಿ, ಗಂಟುಗಂಟಾದ ವೆಲ್ಡಿಂಗ್ ಗೆರೆ. ಎರಡೇ ನಿಮಿಷಕ್ಕೆ ಮತ್ತೆ ಫೋನು ಬಂತು.

“ಅಕ್ಕಾ, ಈ ಕಂಬ ಕತ್ತರಿಸಿ ಬೇರೆ ಕಾರಿಂದು ಅಂಟಿಸಿದಾರೆ. ಎಡಗಡೆ ಒಂದು ಜೋರು ಏಟು ಬಿದ್ರೆ ರಟ್ಟಿನ ಡಬ್ಬಿ ಥರ ಒಳಗೆ ಮಡಚ್ಕೊಳ್ಳತ್ತೆ. ಇದಕ್ಕೆ ನಾನು ಕೈ ಹಾಕಲ್ಲ, ಆ ಪಾಪ ನಂಗೆ ಬೇಡ. ಕೊಳ್ಳೋವಾಗ ಅಯಸ್ಕಾಂತ ಇಟ್ಟು ನೋಡ್ಲಿಲ್ವಾ?”

ಕಾರಿನ ಸಂತೆಯಲ್ಲಿ ಎಂಥವನೂ ಜೇಬಿನಿಂದ ಅಯಸ್ಕಾಂತ ತೆಗೆದು ಕಾರಿನ ಮೈಯೆಲ್ಲ ಸವರಿ ನೋಡುತ್ತಾನೆ. ಪುಟ್ಟಿ ಇದ್ದಲ್ಲಿ ಅದು ಅಂಟುವುದಿಲ್ಲ. ಕೊಳ್ಳುವ ದಿನ ಬುರುಲ್ ಕೂಡ ಒಂದನ್ನು ಒಯ್ದಿದ್ದಳು. ಆದರೆ ಮಾರಿದವನು ಸಂತೆಯವನಲ್ಲ, ಒಡಹುಟ್ಟಿದ ಅಣ್ಣ ತಾಲಾಯ್. “ಎಲ್ಲೂ ಗುದ್ದಿಲ್ಲ, ಬಣ್ಣ ಬಳಿದಿಲ್ಲ” ಎಂದು ಅಮ್ಮನ ಎದುರಿಗೇ ಹೇಳಿದ್ದ. ಅಣ್ಣನ ಕಾರಿಗೆ ಅಯಸ್ಕಾಂತ ಹಿಡಿಯುವುದೂ ಒಂದೇ, ಅವನ ಮುಖಕ್ಕೆ ಉಗಿಯುವುದೂ ಒಂದೇ. ಅವಳು ಅದನ್ನು ಕೈಚೀಲದಿಂದ ಹೊರಗೇ ತೆಗೆಯಲಿಲ್ಲ. ಮರ್ಯಾದೆಯಂತೆ ಮರ್ಯಾದೆ! ಅದನ್ನು ಕಾಪಾಡುವ ಕೆಲಸ ಯಾವಾಗಲೂ ತಂಗಿಯರ ಪಾಲಿಗೇ ಬರುತ್ತದೆ.

ಅಣ್ಣನೂ ಮೋಸ ಹೋಗಿರಬಹುದು ಎಂಬ ಆಸೆಯೊಂದು ಉಳಿದಿತ್ತು. ಅದೇ ಫೋಟೊಗಳನ್ನು ಅವನಿಗೂ ಕಳಿಸಿ ಫೋನು ಮಾಡಿದಳು.

“ಅಣ್ಣಾ, ಫೋಟೊ ನೋಡಿದ್ರಾ?”

“ನೋಡ್ದೆ. ಇನ್ಯಾರಿಗೂ ಕಳಿಸ್ಬೇಡ, ಊರೆಲ್ಲಾ ಹರಡತ್ತೆ. ಮೇಲೆ ಬಣ್ಣ ಹೊಡಿಸು. ಯಾರಿಗಾದ್ರೂ ಸಾಗಹಾಕೋಣ.”

“ನಿಮಗೂ ಯಾರೋ ಮೋಸ ಮಾಡಿದ್ರು, ಅಲ್ವಾ? ನಿಮಗೆ ಗೊತ್ತಿರ್ಲಿಲ್ಲ ಅಲ್ವಾ ಅಣ್ಣಾ?”

ಹೌದು ಎಂದುಬಿಡಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಅದು ಸುಳ್ಳಾಗಿದ್ದರೂ ನಂಬಿಬಿಡುತ್ತಿದ್ದಳು.

ತಾಲಾಯ್‌ಗೆ ಸಿಟ್ಟು ಬಂತು. “ನನ್ನ ಏನಂದ್ಕೊಂಡಿದೀಯ ನೀನು? ನಿನ್ನ ಮಗಳ ಮೇಲೆ ನಂಗೆ ಕಾಳಜಿ ಇಲ್ವಾ? ಮಗೂನ ಯಾವಾಗ್ಲೂ ಬಲಗಡೆನೇ ಕೂರಿಸು ಅಂತ ಕಾರು ಕೊಟ್ಟ ದಿನಾನೇ ಹೇಳ್ಲಿಲ್ವಾ ನಾನು?”

ಹೇಳಿದ್ದ. ಬೆರ್ಮೆತ್‌ಳ ಕೆನ್ನೆ ಸವರಿ, ಆ ಕಡೆ ಕೂತರೆ ಬೆಟ್ಟ ಚೆನ್ನಾಗಿ ಕಾಣುತ್ತದೆ ಮರೀ ಎಂದಿದ್ದ. ಸೋದರಮಾವನ ಪ್ರೀತಿ ಕಂಡು ಅಂದು ಬುರುಲ್‌ಳ ಕಣ್ಣು ತುಂಬಿ ಬಂದಿತ್ತು.