ಅಣಕು ಸಂದರ್ಶನ

ಕೆಲಸ ಸಿಕ್ಕಿ ವಾರವಾಗಿತ್ತು. ಆದರೂ ಬೆಳಗ್ಗೆ ಎದ್ದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಲ್ಯಾಪ್‌ಟಾಪ್ ಮುಂದೆ ಸಂದರ್ಶನದ ತಯಾರಿಗೆ ಕೂರುವುದನ್ನು ಅವಳು ಬಿಟ್ಟಿರಲಿಲ್ಲ. ಸೊಂಟದಿಂದ ಕೆಳಗೆ ಮಲಗಿ ಎದ್ದ ಪೈಜಾಮವೇ. ಕ್ಯಾಮೆರಾಗೆ ಕಾಣದ್ದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಅವಳದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ಅಂದರೆ ಏನು ಮಾಡಬೇಕು, ಯಾರಿಗೆ, ಯಾಕೆ ಅಂತ ತೀರ್ಮಾನಿಸುವುದು. ಮಾಡುವವರು ಬೇರೆ, ಕೆಟ್ಟರೆ ಬೈಸಿಕೊಳ್ಳುವುದು ಮಾತ್ರ ಇವರು. ಹಳೆಯ ಕಂಪನಿ ಮನೆಗೆ ಕಳಿಸಿದ ಮೇಲೆ, ತನ್ನಂತೆಯೇ ಕೆಲಸ ಕಳೆದುಕೊಂಡಿದ್ದವನೊಬ್ಬ ಅಂತರ್ಜಾಲದಲ್ಲಿ ಸಿಕ್ಕಿದ್ದ. ದಿನಾ ಬೆಳಗ್ಗೆ ಒಂದು ಗಂಟೆ, ಒಬ್ಬರು ಕೇಳುವುದು, ಇನ್ನೊಬ್ಬರು ಉತ್ತರಿಸುವುದು. ಪ್ರತಿ ಪ್ರಶ್ನೆಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅವನಿಗೆ ಅವಳು ಮನಸ್ಸಿನಲ್ಲೇ ಕೆಮ್ಮಪ್ಪ ಅಂತ ಹೆಸರಿಟ್ಟಿದ್ದಳು.

ಕೆಲಸ ಸಿಕ್ಕಿದ್ದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು. "ಒಳ್ಳೇದಾಯ್ತು ಕಣೇ," ಅಂದ ಅಕ್ಕ, ಹಾಲು ಉಕ್ಕಿತು ಅಂತ ಫೋನ್ ಇಟ್ಟುಬಿಟ್ಟಳು. ಕೆಮ್ಮಪ್ಪನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಹೇಳಿದರೆ ಆ ಒಂದು ಗಂಟೆ ಕೈತಪ್ಪಿ ಹೋಗುತ್ತದೆ. ಇಡೀ ದಿನದಲ್ಲಿ ಅವಳು ಇನ್ನೊಬ್ಬರ ಜೊತೆ ಆಡುವ ಮಾತೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ಹೊಸ ಕೆಲಸವೂ ಇದೇ ಮೇಜಿನ ಮುಂದೆ ಒಬ್ಬಳೇ ಕೂತು ಮಾಡುವಂಥದ್ದು. ಒಂಟಿತನ ಅನ್ನಲು ಅವಳಿಗೆ ನಾಚಿಕೆ. ಆದರೆ ಅದು ಒಂಟಿತನವೇ.

ಅವತ್ತು ಕೇಳುವ ಸರದಿ ಅವನದು. ಗಂಟಲು ಸರಿಯಾಯಿತು.

"ಮೇಡಂ, ಒಂಟಿಯಾಗಿರೋರಿಗೆ ಒಂದು ಆ್ಯಪ್ ಮಾಡ್ಬೇಕು. ಬಳಸೋರು ಯಾರು? ಅವರ ಕಷ್ಟ ಏನು?"

ಇಂಥ ಕಡೆ ಮೊದಲು ಮರುಪ್ರಶ್ನೆ ಹಾಕಬೇಕು, ಯೋಚಿಸಲು ಸಮಯ ಕೇಳಬೇಕು. ಅವಳು ಎರಡನ್ನೂ ಮಾಡಲಿಲ್ಲ.

"ಒಬ್ಬಳು ಹೆಂಗಸು. ಅಂಗಡೀಲಿ ಬೇಕೂಂತ್ಲೇ ಉದ್ದ ಸಾಲಲ್ಲಿ ನಿಲ್ತಾಳೆ, ಯಾರಾದ್ರೂ ಮಾತಾಡಿಸ್ಲಿ ಅಂತ. ಕಸ್ಟಮರ್ ಕೇರ್‌ನವರು ಇನ್ನೇನಾದ್ರೂ ಸಹಾಯ ಬೇಕಾ ಅಂದ್ರೆ, ಏನಾದ್ರೂ ಇದೆಯಾ ಅಂತ ತಡಕಾಡ್ತಾಳೆ."

"ಪರವಾಗಿಲ್ಲವೇ! ಸರಿ, ಆ್ಯಪ್ ಗೆದ್ದಿದೆ ಅಂತ ಹೇಗೆ ಅಳೀತೀರಿ?"

"ಅವಳು ಅದನ್ನ ತೆರೆಯೋದು ನಿಲ್ಲಿಸ್ದಾಗ."

ಕೆಮ್ಮಪ್ಪ ನಕ್ಕ. "ಅಯ್ಯೋ, ಹೀಗಂದ್ರೆ ಯಾರೂ ಕೆಲಸ ಕೊಡಲ್ಲ ಮೇಡಂ. ದಿನಾ ಎಷ್ಟು ಜನ ವಾಪಸ್ ಬರ್ತಾರೆ ಅಂತ ಹೇಳ್ಬೇಕು. ಇನ್ನೊಂದ್ಸಲ ಹೇಳಿ."

"ಕೊಟ್ರು," ಅಂದುಬಿಟ್ಟಳು. "ನಂಗೆ ಹೋದ ವಾರವೇ ಕೆಲಸ ಸಿಕ್ತು."

ಅವನ ಮುಖ ಪರದೆಯ ಮೇಲೆ ಹಾಗೇ ನಿಂತಿತು. ನೆಟ್‌ವರ್ಕ್ ಕೈಕೊಟ್ಟಿತೇನೋ ಅಂದುಕೊಂಡಳು. ಕೊಟ್ಟಿರಲಿಲ್ಲ.

"ಮತ್ತೆ ಈ ವಾರವೆಲ್ಲ ಯಾಕೆ ಬಂದ್ರಿ?"

"ಮಾತಾಡೋಕೆ."

"ನಮ್ಮನೆಯವಳಿಗೆ ದಿನಾ ಹೇಳ್ತಿದ್ದೆ," ಅಂದ ಅವನು, ಮೆಲ್ಲಗೆ. "ನನ್ ಹಾಗೇ ಇನ್ನೊಬ್ರು ಒದ್ದಾಡ್ತಿದಾರೆ, ಅಷ್ಟು ಬುದ್ಧಿವಂತರಿಗೇ ಸಿಕ್ಕಿಲ್ಲ, ಹೆದರ್ಬೇಡ ಅಂತ."

ಅವಳು ತಪ್ಪಾಯಿತು ಅಂದಳು. ಅವನು ರೇಗಲಿಲ್ಲ. ರೇಗಿದ್ದರೆ ಇನ್ನಷ್ಟು ಹೊತ್ತು ಮಾತಾದರೂ ನಡೆಯುತ್ತಿತ್ತು.

"ಇನ್ಮೇಲೆ ದಿನಾ ನಾನೇ ಪ್ರಶ್ನೆ ಕೇಳ್ತೀನಿ," ಅಂದಳು ಅವಸರವಾಗಿ. "ನಿಮಗೆ ಕೆಲಸ ಸಿಗೋವರೆಗೂ. ನನ್ನ ಸರದಿಯೇ ಬೇಡ."

"ಬೇಡ ಮೇಡಂ. ತಪ್ಪು ತಿಳ್ಕೋಬೇಡಿ. ನಂಗೆ ಕೆಲಸ ಇಲ್ಲದವ್ರೇ ಬೇಕು."

ನಿಮಗೆ ಒಳ್ಳೆಯದಾಗಲಿ ಅಂತ ಮನಸಾರೆ ಹಾರೈಸಿ ಅವನು ಹೋದ. ಕೆಲಸ ಹೋದಾಗ ಅಳದಿದ್ದವಳು, ಕೆಲಸ ಸಿಕ್ಕಿದ್ದಕ್ಕೆ ಕೂತು ಅತ್ತಳು.