ಒಳಮೈಯ ಹೊಲಿಗೆ

ಆ ಬೀದಿಯ ಮೆಕ್ಯಾನಿಕ್‌ಗಳೆಲ್ಲ ಅವಳನ್ನು ಪ್ಲಾಸ್ಟಿಕ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ. ಬೈಕು ಬಿದ್ದು ಸೈಡ್ ಪ್ಯಾನಲ್ಲೋ ಹೆಡ್‌ಲೈಟಿನ ಸುತ್ತಲಿನ ಡೂಮೋ ಚೂರಾಗಿ, ಕಂಪನಿಯವರು “ಈ ಮಾಡೆಲ್ ನಿಂತೇ ಹೋಗಿದೆ, ಪಾರ್ಟ್ ಸಿಗಲ್ಲ” ಎಂದು ಕೈಚೆಲ್ಲಿದ ಮೇಲೆ, ಜನ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಅವಳಲ್ಲಿಗೆ ಬರುತ್ತಿದ್ದರು. ಅವಳು ಮೊದಲು ಒಂದು ಚೂರಿನ ಅಂಚನ್ನು ಬೆಂಕಿಗೆ ಹಿಡಿದು ಮೂಸಿ ನೋಡುವಳು. ವಾಸನೆಯಿಂದಲೇ ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿಯುತ್ತಿತ್ತು. ಅದೇ ಬಗೆಯದನ್ನು ಕರಗಿಸಿ ತುಂಬಿದರೆ ಕೂಡುತ್ತದೆ, ಇಲ್ಲವಾದರೆ ಎಣ್ಣೆ ಸೀಗೆಕಾಯಿ ಸಂಬಂಧ. ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಗೊಂದು ಸಣ್ಣ ತೂತು ಕೊರೆಯುವಳು. ಒಳಮೈಯಲ್ಲಿ ಸ್ಟೀಲ್ ಜಾಲರಿಯ ಪಟ್ಟಿ ಇಟ್ಟು ಕಾದ ಕಡ್ಡಿಯಿಂದ ಒತ್ತಿ ಹುದುಗಿಸುವಳು. ಇದನ್ನು ಅವಳು ಹೊಲಿಗೆ ಎನ್ನುತ್ತಿದ್ದಳು. ಆಮೇಲೆ ಹೊರಮೈಗೆ ಪುಟ್ಟಿ, ಎಮರಿ ಕಾಗದ, ಬಣ್ಣ. ಕೆಲಸ ಮುಗಿದರೆ ಹೆತ್ತ ತಾಯಿಗೂ ಗುರುತು ಸಿಗಬಾರದು.

ಗಂಡನ ಮನೆಯಲ್ಲಿ ಬಾಳುವೆ ಸಾಗದೆ ಒಂದೇ ಬ್ಯಾಗು ಹಿಡಿದು ಬಂದಾಗ ಅಣ್ಣ ಅವಳಿಗೆ ಬಾಗಿಲು ಮುಚ್ಚಿರಲಿಲ್ಲ. ಅವನದು ಹಳೆಯ ಬೈಕುಗಳನ್ನು ಕೊಂಡು ಮಾರುವ ಅಂಗಡಿ. ಮುಂದೆ ಗಾಜಿನ ಬಾಗಿಲು, ಸಾಲಾಗಿ ನಿಂತ ಗಾಡಿಗಳು. ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದರ ಮೇಲೆ ಅಟ್ಟದಂಥ ಇನ್ನೊಂದು. ಕೆಳಗೆ ಕೆಲಸ ಮಾಡು, ಮೇಲೆ ಮಲಗು ಎಂದ ಅಣ್ಣ. ಅತ್ತಿಗೆ ಊಟದ ಡಬ್ಬಿ ಕಳಿಸುತ್ತಿದ್ದಳು. ಕೆಲಸವನ್ನು ಯಾರೂ ಹೇಳಿಕೊಡಲಿಲ್ಲ, ಬೆರಳು ಸುಟ್ಟುಕೊಂಡು ತಾನೇ ಕಲಿತಳು. ಅಣ್ಣನಿಗೆ ತಂಗಿಯೆಂಬ ಕರುಳೂ ಇತ್ತು, ಅವಳ ಕೈಗುಣದ ಲಾಭವೂ ಗೊತ್ತಿತ್ತು. ಯಾವುದು ಎಷ್ಟು ಎಂದು ಅವಳು ತೂಗಿ ನೋಡಲು ಹೋಗಿರಲಿಲ್ಲ. ಹಂಗಿನ ಅನ್ನವನ್ನು ಕೆದಕಿ ತಿನ್ನಬಾರದು.

ಒಂದು ಬೆಳಿಗ್ಗೆ ಅಣ್ಣ ಗೋಣಿಚೀಲವೊಂದನ್ನು ತಂದು ಅವಳ ಮೇಜಿನ ಪಕ್ಕ ಇಟ್ಟ.

“ನೀಲಿ ಗಾಡೀದು. ಗಾಡಿ ಎರಡು ತಿಂಗಳಿಂದ ಟಿಂಕರ್ ಹತ್ರಾನೇ ಇದೆ. ಎಡಗಡೆ ಪೂರ್ತಿ ಹೋಗಿದೆ, ಬೇಗ ಮುಗಿಸು.”

“ಬಿದ್ದಿದ್ದಾ?”

“ಇಲ್ಲ, ಬೇಜಾರಾಗಿ ಮಲಗಿತ್ತು,” ಎಂದು ನಕ್ಕು ಅವನು ಮುಂದಕ್ಕೆ ಹೋದ.

ಸೋಪಿನ ನೀರಲ್ಲಿ ಚೂರುಗಳನ್ನು ತೊಳೆದು ಒಂದೊಂದಾಗಿ ಬೋರಲು ಹಾಕಿದಳು. ದೊಡ್ಡ ಪ್ಯಾನಲ್ಲಿನ ಒಳಮೈಯಲ್ಲಿ ಆಗಲೇ ಒಂದು ಹೊಲಿಗೆ ಇತ್ತು. ಅವಳು ಎಡಚಿ. ಅವಳು ಒತ್ತಿದ ಗೀರುಗಳು ಗಾಳಿಗೆ ಸಿಕ್ಕ ಮಳೆಯ ಹಾಗೆ ಒಂದೇ ಕಡೆಗೆ ವಾಲುತ್ತಿದ್ದವು. ಆ ಊರಿನಲ್ಲಿ ಬೇರೆ ಯಾರ ಕೈಯೂ ಹಾಗೆ ಬೀಳುತ್ತಿರಲಿಲ್ಲ. ಹೊಸ ಮುರಿತ ಹೊಲಿಗೆಯ ಪಕ್ಕದಲ್ಲೇ ಹಾದುಹೋಗಿತ್ತು, ಹೊಲಿಗೆ ಮಾತ್ರ ಬಿಟ್ಟಿರಲಿಲ್ಲ. ಒಂದು ಗಳಿಗೆ ಅವಳಿಗೆ ಹೆಮ್ಮೆಯೇ ಆಯಿತು. ಮರುಗಳಿಗೆ, ತಾನೇ ಹೊಲಿದು ಕೊಟ್ಟ ಈ ಗಾಡಿಯನ್ನು ಅಣ್ಣ ಯಾರಿಗೆ ಮಾರಿದ್ದನೆಂಬುದು ನೆನಪಾಯಿತು.

ಆ ಗಾಡಿ ಕೊಂಡವನು ಬೇಕರಿಯಲ್ಲಿ ಹಿಟ್ಟು ನಾದುವವನು. ಹೊಸದಾಗಿ ಮದುವೆಯಾಗಿದ್ದ. ಪ್ಯಾನಲ್ಲನ್ನು ಎಳೆಗರುವಿನ ಬೆನ್ನು ಸವರುವ ಹಾಗೆ ಸವರಿ, “ಬಿದ್ದಿಲ್ಲ ತಾನೇ?” ಎಂದು ಕೇಳಿದ್ದ. “ಒಂದು ಗೀರು ತೋರಿಸಿ, ಗಾಡಿ ಸುಮ್ನೆ ಕೊಟ್ಬಿಡ್ತೀನಿ,” ಎಂದಿದ್ದ ಅಣ್ಣ. ಒಳಗೇನೂ ಪೆಟ್ಟಾಗಿಲ್ಲ, ಬರೀ ಪ್ಲಾಸ್ಟಿಕ್ ಹೋಗಿದೆ ಎಂದು ಅವಳಿಗೂ ಅವನು ಹೇಳಿದ್ದ. ಅವಳು ನಂಬಿದ್ದಳು.

ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ ಅವಳು ನೆಗ್ಗು ತೆಗೆಯುವ ಟಿಂಕರ್ ಮುದುಕನ ಶೆಡ್ಡಿಗೆ ಹೋದಳು. ಪುಕ್ಕ ಕಿತ್ತ ಕೋಳಿಯ ಹಾಗೆ ಗಾಡಿ ಬರಿಮೈಯಲ್ಲಿ ನಿಂತಿತ್ತು.

“ಹ್ಯಾಂಡಲ್ ಕೂರೋ ಜಾಗ ನೋಡು,” ಎಂದ ಮುದುಕ, ಸ್ಪ್ಯಾನರಿನಿಂದ ತೋರಿಸುತ್ತ. “ಚಾಸಿಯ ಕತ್ತು ಓರೆ ಆಗಿದೆ. ಈಗ ಆಗಿದ್ದಲ್ಲ, ಹೋದ ಸಲಾನೇ ಆಗಿತ್ತು. ಆಗ್ಲೇ ನಿಮ್ಮಣ್ಣಂಗೆ ಹೇಳ್ದೆ, ಇದು ಎಡಕ್ಕೆ ಎಳೆಯುತ್ತೆ, ಚಾಸಿ ಬದಲಾಯಿಸ್ದೆ ಮಾರಬೇಡ ಅಂತ.”

“ಅವನೇನಂದ?”

“ಅಷ್ಟು ಓರೆ ಮನುಷ್ಯರಿಗೂ ಇರುತ್ತೆ, ಮೇಲ್ಗಡೆ ನನ್ನ ತಂಗಿ ನೋಡ್ಕೋತಾಳೆ ಅಂದ.”

ಬೇಕರಿ ಎರಡು ಬೀದಿ ಆಚೆ. ಹೋಗದೆ ಇರಬಹುದಿತ್ತು. ಅವಳ ಕಾಲು ಕೇಳಲಿಲ್ಲ. ಬೇಕರಿಯವನು ಒಲೆಯ ಹತ್ತಿರ ಇರಲಿಲ್ಲ. ಗೋಡೆ ಬದಿಯ ಸ್ಟೂಲಿನ ಮೇಲೆ ಕುಳಿತು ಬ್ರೆಡ್ಡಿನ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದ. ಬಲಗೈಯ ಬೆರಳುಗಳು ಅರ್ಧಕ್ಕೇ ನಿಂತಿದ್ದವು, ಮುಷ್ಟಿ ಕಟ್ಟುತ್ತಿರಲಿಲ್ಲ. ಅವಳ ಗುರುತು ಸಿಕ್ಕಿ ಅವನು ಎದ್ದು ನಿಂತ.

“ಬನ್ನಿ ಅಕ್ಕ. ನಿಮ್ಮಣ್ಣ ಚೆನ್ನಾಗಿದಾರಾ? ದೇವರಂಥ ಮನುಷ್ಯ. ಬಿದ್ದ ಗಾಡೀನ ಯಾರೂ ಮೂಸಿ ನೋಡ್ತಿರ್ಲಿಲ್ಲ, ಅವ್ರೇ ವಾಪಸ್ ತಗೊಂಡ್ರು. ಇಲ್ಲಿ ಯಜಮಾನ್ರ ಹತ್ರ ಮಾತಾಡಿ ಈ ಕೂತು ಮಾಡೋ ಕೆಲಸ ಕೊಡ್ಸಿದ್ದೂ ಅವ್ರೇ.”

ಹೇಗೆ ಬಿದ್ದಿರಿ ಎಂದು ಕೇಳಿದಳು.

“ಗಾಡಿ ಸ್ವಲ್ಪ ಎಡಕ್ಕೆ ಹೋಗೋದು. ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ. ತಿರುವಲ್ಲಿ ಲಾರಿ ಬಂತು, ಬ್ರೇಕ್ ಹಾಕ್ದೆ, ಅಷ್ಟೇ. ಹಿಂದೆ ಹೆಂಡ್ತಿ ಕೂತಿದ್ಲು. ಅವಳಿಗೆ ಈಗ್ಲೂ ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕಾಗಲ್ಲ.”

ಅವಳು ಹೇಳಿದಳು. ತಲೆ ತಗ್ಗಿಸದೆ, ಸುತ್ತಿ ಬಳಸದೆ ಹೇಳಿದಳು. ಗಾಡಿ ಮೊದಲೇ ಬಿದ್ದಿತ್ತು, ಕತ್ತು ಮೊದಲೇ ಓರೆಯಾಗಿತ್ತು, ಅಣ್ಣನಿಗೆ ಗೊತ್ತಿತ್ತು, ಮೇಲಿನದನ್ನು ಮುಚ್ಚಿದವಳು ತಾನು. ಅವನು ಬೈಯುತ್ತಾನೆ, ಅಂಗಡಿಗೆ ಬಂದು ಅಣ್ಣನ ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಅವಳು ಎಣಿಸಿದ್ದಳು. ಬಹುಶಃ ಅದಕ್ಕೇ ಬಂದಿದ್ದಳು. ಅವನು ಕೈಯಲ್ಲಿದ್ದ ಚೀಟಿಯನ್ನು ಪೊಟ್ಟಣಕ್ಕೆ ಅಂಟಿಸಿ, ಹೆಬ್ಬೆರಳಿಂದ ಒತ್ತಿ, ಪಕ್ಕಕ್ಕೆ ಇಟ್ಟ.

“ಈಗ ಯಾಕೆ ಹೇಳಿದ್ರಿ ಅಕ್ಕ?” ಎಂದ. “ದಿನಾ ಬೆಳಿಗ್ಗೆ ಅವಳ ಮುಖ ನೋಡಿ, ತಪ್ಪು ನಂದೇ ಅಂತ ಒಪ್ಕೊಂಡು, ಹೇಗೋ ಬದುಕ್ತಾ ಇದ್ದೆ. ಅವಳೂ ಕ್ಷಮಿಸೋಕೆ ಶುರು ಮಾಡಿದ್ಲು. ಇದನ್ನ ತಗೊಂಡು ಹೋಗಿ ನಾನು ಎಲ್ಲಿ ಇಟ್ಕೊಳ್ಲಿ? ನಿಮ್ಮಣ್ಣನ ಹತ್ರ ಜಗಳಕ್ಕೆ ಹೋದ್ರೆ ಈ ಸ್ಟೂಲೂ ಹೋಗುತ್ತೆ.”

ಕೆಳಗೆ ಬಿದ್ದಿದ್ದ ಒಂದು ಚೀಟಿಯನ್ನು ಅವಳು ಎತ್ತಿ ಪೊಟ್ಟಣಗಳ ಪಕ್ಕ ಇಟ್ಟಳು.

“ನಿಮಗೆ ಹಗುರ ಆಯ್ತು,” ಎಂದ ಅವನು, ಮುಂದಿನ ಪೊಟ್ಟಣ ಎತ್ತಿಕೊಳ್ಳುತ್ತ. “ಆಯ್ತಲ್ಲ, ಹೋಗಿ.”

ಅಂಗಡಿಗೆ ಬಂದಾಗ ಅಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಚಹಾ ಕುಡಿಯುತ್ತಿದ್ದ.

“ನೀಲಿ ಗಾಡಿ ನಾನು ಮಾಡಲ್ಲ ಅಣ್ಣ. ಅದರ ಕತ್ತು ಓರೆ ಇದೆ. ಇನ್ನೊಬ್ಬನ ಕೈ ಹೋಗ್ಬೇಕಾ?”

ಅವನು ಲೋಟ ಕೆಳಗಿಟ್ಟ. ದನಿ ಏರಿಸಲಿಲ್ಲ. “ಹಳೇ ಗಾಡಿ ಅಂದ್ರೆ ಹಳೇ ಗಾಡಿ. ತಗೊಳ್ಳೋನಿಗೆ ಕಣ್ಣಿಲ್ವಾ?”

“ಕಣ್ಣಿಗೆ ಕಾಣದ ಹಾಗೆ ಮಾಡೋದೇ ಅಲ್ವಾ ನನ್ನ ಕೆಲಸ.”

“ಅದಕ್ಕೇ ತಾನೇ ನಿನ್ನ ಇಟ್ಕೊಂಡಿರೋದು.”

ಮಾತು ಬಾಯಿಂದ ಬಿದ್ದಿತ್ತು. ಅವನಿಗೂ ಅದು ಕೇಳಿಸಿರಬೇಕು. ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, “ಉಂಡ ಮನೆಗೆ ಎರಡು ಬಗೀಬೇಡ. ಹೋಗು, ಕೆಲಸ ನೋಡು,” ಎಂದ.

ಅವಳು ಕೆಲಸ ಮಾಡಿದಳು. ಎಲ್ಲ ಚೂರುಗಳನ್ನೂ ಕೂಡಿಸಿ, ಒಳಗೆ ಜಾಲರಿ ಹುದುಗಿಸಿ, ಸ್ಕ್ರೂ ಕೂರುವ ಕಿವಿಗಳನ್ನೆಲ್ಲ ಹೊಸದಾಗಿ ಕಟ್ಟಿ ನಿಲ್ಲಿಸಿದಳು. ಆದರೆ ಹೊರಮೈಗೆ ಪುಟ್ಟಿ ಹಾಕಲಿಲ್ಲ, ಎಮರಿ ಮುಟ್ಟಿಸಲಿಲ್ಲ, ಬಣ್ಣ ಬಳಿಯಲಿಲ್ಲ. ನೀಲಿಯ ಮೇಲೆ ಬೂದು ಬಣ್ಣದ ಉಬ್ಬು ಗೆರೆಗಳು ಮೂಲೆಯಿಂದ ಮೂಲೆಗೆ ಹರಿದಿದ್ದವು. ಹಾಗೆಯೇ ಗಾಡಿಗೆ ಜೋಡಿಸಿ ಮುಂದಿನ ಸಾಲಿನಲ್ಲಿ ತಂದು ನಿಲ್ಲಿಸಿದಳು. ಕಣ್ಣಿದ್ದವನು ನೋಡಲಿ.

ಅಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದ. ಬೈಯಲಿಲ್ಲ. ತಾನೇ ಎಮರಿ ಹಿಡಿದು ಉಬ್ಬುಗಳನ್ನು ಸವೆಸಿ, ಸ್ಟಿಕ್ಕರ್ ಅಂಗಡಿಯವನನ್ನು ಕರೆಸಿದ. ಸಂಜೆಯೊಳಗೆ ಎರಡೂ ಬದಿಗೆ ಕೆಂಪು ಹಳದಿ ಬೆಂಕಿಯ ನಾಲಿಗೆಗಳು ಅಂಟಿಕೊಂಡವು. ಗಾಡಿ ಮೊದಲಿಗಿಂತ ಚೆಂದ ಕಾಣುತ್ತಿತ್ತು. ಅವಳಿಗೆ ಸಹಿಸಲು ಆಗದ್ದು ಅದೇ.

ಅದನ್ನು ಮೆಚ್ಚಿ ಬಂದವನು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುವವನು. ಬೆಂಕಿಯ ಚಿತ್ರ ಅವನಿಗೆ ತುಂಬ ಹಿಡಿಸಿತ್ತು. ಅವನು ಸೀಟಿನ ಮೇಲೆ ಕುಳಿತು ಕನ್ನಡಿ ತಿರುಗಿಸಿ ನೋಡುತ್ತಿದ್ದಾಗ ಅವಳು ಕೈಯಲ್ಲಿದ್ದ ಬಟ್ಟೆಯ ಸಮೇತ ಮುಂದೆ ಬಂದಳು.

“ಇದನ್ನ ತಗೋಬೇಡಿ. ಎರಡು ಸಲ ಬಿದ್ದಿದೆ. ಚಾಸಿಯ ಕತ್ತು ಓರೆ, ಬ್ರೇಕ್ ಹಾಕಿದ್ರೆ ಎಡಕ್ಕೆ ಎಳೆಯುತ್ತೆ.”

ಫಿಲ್ಟರಿನವನು ಅಣ್ಣನ ಮುಖ ನೋಡಿದ. ಅಣ್ಣ ಬಂದು ಅವಳ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

“ನನ್ನ ತಂಗಿ,” ಎಂದ. “ಸಂಸಾರ ಮುರಿದು ಬಂದ ಮೇಲೆ ಹೀಗಾಗಿದಾಳೆ. ಯಾವ ಗಾಡಿ ಕಂಡ್ರೂ ಬೀಳುತ್ತೆ ಅಂತಾಳೆ. ಏನ್ ಮಾಡೋದು ಹೇಳಿ, ಒಡಹುಟ್ಟಿದವಳನ್ನ ಹೊರಗೆ ಹಾಕೋಕಾಗುತ್ತಾ?”

ಅವನ ದನಿಯಲ್ಲಿ ನಿಜವಾದ ಮರುಕ ಇತ್ತು. ಸುಳ್ಳಿನಲ್ಲಿ ಅಷ್ಟು ಮರುಕ ಬೆರೆಸುವುದನ್ನು ಅವನು ಎಲ್ಲಿ ಕಲಿತನೋ.

“ಪಾಪ,” ಎಂದ ಫಿಲ್ಟರಿನವನು. “ನಮ್ಮ ಚಿಕ್ಕಮ್ಮನೂ ಒಬ್ರು ಹೀಗೇ.”

“ನನಗೇನೂ ಆಗಿಲ್ಲ. ಈ ಸ್ಟಿಕ್ಕರ್ ಕಿತ್ತು ನೋಡಿ,” ಎಂದು ಅವಳು ಬೆಂಕಿಯ ಅಂಚಿಗೆ ಉಗುರು ಹಾಕಿದಳು. ಅಣ್ಣ ಅವಳ ಮಣಿಕಟ್ಟು ಹಿಡಿದ. ಎಳೆದಾಡಿದಷ್ಟೂ ಅವಳ ಕೂದಲು ಕೆದರಿತು, ದನಿ ಏರಿತು, ಅಣ್ಣ ಹೇಳಿದ ಮಾತು ಅವಳ ಮೈಮೇಲೆಯೇ ನಿಜವಾಗುತ್ತ ಹೋಯಿತು. ಗಲಾಟೆಗೆ ಟಿಂಕರ್ ಮುದುಕ ಬಾಗಿಲಿಗೆ ಬಂದಿದ್ದ.

“ಅಜ್ಜ, ನೀವೇ ಹೇಳಿ. ಕತ್ತು ಓರೆ ಇಲ್ವಾ?”

ಮುದುಕ ಅಣ್ಣನ ಕಡೆ ನೋಡಿದ. ಅವನ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಈ ಅಂಗಡಿಯವೇ.

“ನಾನು ಮುಂದಿನ ಫೋರ್ಕ್ ಅಷ್ಟೇ ಹಾಕಿದ್ದು,” ಎಂದ. “ಕತ್ತು ಗಿತ್ತು ನನಗೆ ಗೊತ್ತಿಲ್ಲಮ್ಮ.”

ಫಿಲ್ಟರಿನವನು ಅವಳ ಕಡೆ ನೋಡದೆ ದುಡ್ಡು ಎಣಿಸಿ ಕೊಟ್ಟು, ಗಾಡಿ ಶುರು ಮಾಡಿಕೊಂಡು ಹೋದ.

ಮಾರನೆಯ ದಿನ ಅವಳು ಕಡ್ಡಿ, ಜಾಲರಿ, ಪ್ಲಾಸ್ಟಿಕ್ ಚೂರುಗಳ ಡಬ್ಬಿ ಎತ್ತಿಕೊಂಡು ಹೊರಟಳು. ಅಣ್ಣ ತಡೆಯಲಿಲ್ಲ. ಅತ್ತಿಗೆ ಮಾತ್ರ ಮನೆಯಿಂದ ಅಂಗಡಿಯ ಬಾಗಿಲವರೆಗೆ ಬಂದು, “ಒಂದು ಮಾತು ನುಂಗಿದ್ರೆ ಏನಾಗ್ತಿತ್ತು,” ಎಂದಳು. ಅದೇ ಬೀದಿಯ ಕೊನೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗ ಸಿಕ್ಕಿತು. ಬೈಕಿನ ಕೆಲಸ ಅವಳಿಗೆ ಬರುವುದು ನಿಂತುಹೋಗಿದೆ. ಮೆಕ್ಯಾನಿಕ್‌ಗಳು ದೂರದಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಾರೆ. ಒಮ್ಮೊಮ್ಮೆ ಹೊಸಬನೊಬ್ಬ ಬಂದು, “ಬಿದ್ದಿದ್ದು ಗೊತ್ತಾಗದ ಹಾಗೆ ಮಾಡ್ತೀರಾ?” ಎಂದು ಕೇಳುತ್ತಾನೆ. “ಗಟ್ಟಿ ಮಾಡ್ಕೊಡ್ತೀನಿ. ಬಣ್ಣ ಬಳಿಯಲ್ಲ,” ಎನ್ನುತ್ತಾಳೆ. ಅವನು ಚೀಲ ಎತ್ತಿಕೊಂಡು ಹೋಗುತ್ತಾನೆ. ಈಗ ಅವಳ ಮುಂದೆ ಬರುವುದು ಒಡೆದ ಬಕೆಟ್ಟುಗಳು, ಕಾಲು ಮುರಿದ ಕುರ್ಚಿಗಳು. ಬಕೆಟ್ಟಿನ ಗಾಯವನ್ನು ಮುಚ್ಚಿಡಬೇಕೆಂದು ಯಾರೂ ಕೇಳುವುದಿಲ್ಲ.

ಫಿಲ್ಟರಿನವನ ದಾರಿಯೂ ಅದೇ ಬೀದಿ. ಬೆಂಕಿಯ ನಾಲಿಗೆಗಳ ಗಾಡಿ ದಿನಾ ಅವಳೆದುರೇ ಹೋಗುತ್ತದೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ತೊಡೆಯ ಮೇಲಿನ ಪೆಟ್ಟಿಗೆ. ಒಂದು ದಿನ ಅವಳು ಮೆಟ್ಟಿಲ ಕೆಳಗಿನಿಂದ ಹೊರಬಂದು, “ಎರಡೂ ಕೈಲಿ ಹಿಡ್ಕೊಳ್ಳಿ ಸ್ವಾಮಿ,” ಎಂದು ಕೂಗಿ ಹೇಳಿದಳು. ಅವನು ಅವಳ ಗುರುತು ಹಿಡಿದು, ಮುಖ ಆಚೆ ತಿರುಗಿಸಿ, ಗಾಡಿಯ ವೇಗ ಹೆಚ್ಚಿಸಿದ.